ನವೆಂಬರ್ 2ಕ್ಕೆ ಮೊದಲು ಮನೆಯಲ್ಲಿ ಕೂತು ಮಾತಾಡಿ

ಕಾರವಾರದ ನಮ್ಮ ಪ್ರಾರ್ಥನಾ ಗುಂಪಿನ ಎಲ್ಲರಿಗೂ ನಮಸ್ಕಾರ.

ನವೆಂಬರ್ 2 ತೀರಿಕೊಂಡವರ ಸ್ಮರಣೆಯ ದಿನ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಈ ಸಲ ಜೊತೆಗೆ ಇನ್ನೊಂದು ಕೆಲಸ ಮಾಡಿ ಅಂತ ಕೇಳಿಕೊಳ್ಳುತ್ತೇನೆ: ಆಸ್ತಿ, ಉಯಿಲಿನ ಬಗ್ಗೆ ಮನೆಯವರೆಲ್ಲ ಕೂತು ಮಾತಾಡಿ.

ಅಪ್ಪ ಹೋದ ವರ್ಷ ನಮ್ಮ ಮನೆಯಲ್ಲಿ ಅಳುವುದಕ್ಕೂ ಬಿಡುವಿರಲಿಲ್ಲ. ಪಾಸ್‌ಬುಕ್ ಎಲ್ಲಿ, ತೋಟದ ಪಹಣಿ ಯಾರ ಹೆಸರಲ್ಲಿ, ದೋಣಿಯಲ್ಲಿ ಯಾರ ಪಾಲು ಎಷ್ಟು, ಬರೀ ಇದೇ ಮಾತು. ಅಮ್ಮ ಮೂಲೆಯಲ್ಲಿ ಸುಮ್ನೆ ಕೂತಿರುತ್ತಿದ್ದಳು.

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯಜಮಾನ ಆಳುಗಳಿಗೆ ಹಣ ವಹಿಸಿ ಪ್ರಯಾಣ ಹೊರಡುತ್ತಾನೆ. ತಿರುಗಿ ಬಂದು ಲೆಕ್ಕ ಕೇಳುತ್ತಾನೆ. ತೋಟ, ದೋಣಿ, ಮನೆ ಎಲ್ಲವನ್ನೂ ದೇವರು ಹಾಗೆಯೇ ನಮಗೆ ವಹಿಸಿದ್ದಾನೆ ಅಂತ ನಂಬಿದ್ದೇನೆ. ಒಂಟಿಯಾದ ಅಮ್ಮನನ್ನೂ ವಹಿಸಿದ್ದಾನೆ. ಅದೇ ಎಲ್ಲಕ್ಕಿಂತ ದೊಡ್ಡ ಹೊಣೆ, ಅಲ್ವಾ?

ಉಯಿಲು ಇಲ್ಲದೆ ಗಂಡ ತೀರಿಕೊಂಡರೆ, ನಮ್ಮ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮನಾಗಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅಕ್ಕ-ತಂಗಿಯರ ಹತ್ತಿರ ಏನೂ ಹೇಳದೆ ಸಹಿ ಹಾಕಿಸಿಕೊಳ್ಳಬೇಡಿ. ಬ್ಯಾಂಕಿನ ನಾಮಿನಿ ಹಣ ಪಡೆಯುವುದು ವಾರಸುದಾರರ ಪರವಾಗಿ ಮಾತ್ರ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು. ಪಾಲು ಸಿಗುವವರು ಸಾಕ್ಷಿ ಹಾಕಬಾರದು. ಮದುವೆಗೆ ಮುಂಚೆ ಬರೆದಿದ್ದರೆ ಮತ್ತೆ ಬರೆಯಬೇಕು.

ಕಾಗದಗಳನ್ನು ಒಂದೇ ಕಡೆ ಇಡಿ. ಎಲ್ಲಿದೆ ಅಂತ ಮನೆಯವರಿಗೆ ಹೇಳಿ.

ಈ ವರ್ಷ ಮನೆಯವರನ್ನು ಕಳೆದುಕೊಂಡವರು ಒಬ್ಬರೇ ಓಡಾಡಬೇಡಿ. ನನಗೆ ಬೇರೆಯಾಗಿ ಮೆಸೇಜ್ ಹಾಕಿ, ತಾಲೂಕು ಕಚೇರಿಗೆ ಜೊತೆಗೆ ಬರುತ್ತೇನೆ.