ಮಕ್ಕಳ ಹೊಟ್ಟೆಯ ಸ್ಕ್ಯಾನಿಂಗ್ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರ ಗರ್ಭಿಣಿಯರಿಗೆ ಸಿಗುವಂತೆ ಹೊಟ್ಟೆನೋವಿನಿಂದ ಬರುವ ಮಗುವಿಗೂ ಸಿಗಬೇಕು, ಕೆಲಸದ ಎಲ್ಲ ದಿನಗಳಲ್ಲೂ ಸಿಗಬೇಕು. ಕೊಟ್ಟ ಅರ್ಜಿಗಳಿಗೆ ಉತ್ತರ ಬಾರದ ಕಾರಣ ಇದನ್ನು ಬಹಿರಂಗವಾಗಿ ಕೇಳುತ್ತಿದ್ದೇನೆ.

ನನ್ನ ಮಗಳಿಗೆ ಮೂರು ವರ್ಷ ತುಂಬುವ ಮೊದಲೇ ಹೊಟ್ಟೆನೋವು ಶುರುವಾಯಿತು. ಜಂತುಹುಳುವೆಂದು ಔಷಧ ಕೊಟ್ಟರು. ಆಮೇಲೆ ಕಣ್ಣು ಹಳದಿಯಾಯಿತು. ಕೆಲವೇ ದಿನಗಳಲ್ಲಿ ಅದು ಇಳಿದಾಗ ಕಾಮಾಲೆಯ ನಾಟಿ ಔಷಧ ಹಿಡಿಯಿತೆಂದು ಊರವರೆಲ್ಲ ಸಮಾಧಾನಪಟ್ಟರು. ಅದು ಮತ್ತೆ ಬಂತು, ಈ ಸಲ ಜ್ವರದೊಂದಿಗೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರಾದರೂ ಆ ಕೊಠಡಿಗೆ ಬೀಗ ಹಾಕಿತ್ತು. ಸ್ಕ್ಯಾನಿಂಗ್ ಮಾಡಿ ನೋಡುವ ತಜ್ಞ ವೈದ್ಯರ, ಅಂದರೆ ರೇಡಿಯಾಲಜಿಸ್ಟ್ ಹುದ್ದೆ ಖಾಲಿಯಿದ್ದು, ಬೇರೆಡೆಯ ತಜ್ಞರು ವಾರಕ್ಕೊಂದು ದಿನ ಬರುತ್ತಿದ್ದರು. ಅವರು ಬರುವ ದಿನ, ಸುಡುವ ಮೈಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹೆಂಡತಿ ಮಧ್ಯಾಹ್ನದವರೆಗೂ ಕಾದಳು. ಕೊನೆಗೆ ಸಿಬ್ಬಂದಿಯೊಬ್ಬರು ಹೊರಬಂದು, "ಇದಕ್ಕೆ ಲಿಂಗಪತ್ತೆ ಕಾನೂನು ಇದೆಯಮ್ಮ, ಮಕ್ಕಳಿಗೆಲ್ಲ ಮಾಡೋಕಾಗಲ್ಲ" ಎಂದು ಕಳಿಸಿಬಿಟ್ಟರು.

ಮಾನ್ಯರೇ, 1994ರ ಆ ಕಾನೂನು ತಮಗೆ ತಿಳಿಯದ್ದಲ್ಲ. ಯಂತ್ರ ನೋಂದಣಿಯಾಗಿರಬೇಕು, ಗರ್ಭಿಣಿಯರ ತಪಾಸಣೆಗೆ ಎಫ್ ನಮೂನೆ ತುಂಬಬೇಕು. ಮಗುವಿನ ಯಕೃತ್ತನ್ನು ನೋಡಬಾರದೆಂದು ಅದರ ಯಾವ ಕಲಮಿನಲ್ಲಿದೆ? ಹೆಣ್ಣುಮಕ್ಕಳನ್ನು ಉಳಿಸಲೆಂದು ಬಂದ ಕಾನೂನಿನ ಹೆಸರು ಹೇಳಿ ಒಂದು ಹೆಣ್ಣುಮಗುವನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದನ್ನು ನಾನು ಇಂದಿಗೂ ಕ್ಷಮಿಸಲಾರೆ.

ಸಾಲ ಮಾಡಿ ಜಿಲ್ಲಾ ಕೇಂದ್ರದ ಖಾಸಗಿ ಸ್ಕ್ಯಾನಿಂಗ್‌ಗೆ ಕರೆದೊಯ್ದಾಗ, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಪಿತ್ತನಾಳ ಚೀಲದಂತೆ ಉಬ್ಬಿರುವುದು ಕಾಣಿಸಿತು. ವೈದ್ಯರು ಅದನ್ನು ಕೊಲೆಡೋಕಲ್ ಸಿಸ್ಟ್ ಎಂದರು. ಅಪರೂಪದ ಕಾಯಿಲೆಯಾದರೂ ಪಾಶ್ಚಾತ್ಯ ದೇಶಗಳಿಗಿಂತ ಏಷ್ಯಾದಲ್ಲಿ, ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಪಿತ್ತದ ಹರಿವು ಆಗಾಗ ತಡೆದು ಮತ್ತೆ ಬಿಡುವುದರಿಂದ ಕಾಮಾಲೆ ತಾನಾಗಿ ಬಂದು ಹೋಗುತ್ತದೆ. ನೋವು, ಕಾಮಾಲೆ, ಹೊಟ್ಟೆಯಲ್ಲಿ ಗಂಟು ಮೂರೂ ಒಟ್ಟಿಗೆ ಕಾಣಿಸುವ ಮಕ್ಕಳು ಕಡಿಮೆ. ಹಾಗಾಗಿ ಕೈಯಿಂದ ಹೊಟ್ಟೆ ಮುಟ್ಟಿ ನೋಡಿದರೆ ಸಾಲದು. ಬಿಟ್ಟರೆ ಪಿತ್ತನಾಳಕ್ಕೆ ಸೋಂಕು ತಗಲುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಯಕೃತ್ತು ಕೆಡುತ್ತದೆ, ದೊಡ್ಡವರಾದ ಮೇಲೆ ಕ್ಯಾನ್ಸರಿನ ಅಪಾಯವೂ ಇದೆ. ಚೀಲವನ್ನು ಕತ್ತರಿಸಿ ತೆಗೆದು ಪಿತ್ತನಾಳವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಾಗಿ ನನ್ನ ಮಗಳು ಚೇತರಿಸಿಕೊಂಡಿದ್ದಾಳೆ.

ಇದೊಂದೇ ಅಲ್ಲ, ಕರುಳಿನ ಪೊರೆಯಲ್ಲಿ ಬೆಳೆಯುವ ದೊಡ್ಡ ಸಿಸ್ಟ್, ಅಂದರೆ ದ್ರವ ತುಂಬಿದ ಚೀಲ, ಹೊಟ್ಟೆಯಲ್ಲಿ ನೀರು ತುಂಬಿದಂತೆಯೇ ತೋರಿ ವೈದ್ಯರನ್ನೂ ದಾರಿ ತಪ್ಪಿಸುವುದುಂಟು. ಇಂಥವುಗಳನ್ನು ಹುಡುಕಲು ಮೊದಲು ಬೇಕಾದದ್ದು ಅಲ್ಟ್ರಾಸೌಂಡ್. ಅದರಲ್ಲಿ ವಿಕಿರಣವಿಲ್ಲ, ಸಾಮಾನ್ಯವಾಗಿ ಮಗುವಿಗೆ ಮಂಪರು ಬರಿಸಬೇಕಾಗಿಯೂ ಇಲ್ಲ, ತಾಯಿ ಪಕ್ಕದಲ್ಲೇ ಇರಬಹುದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ; ಅನುಮಾನ ಬಂದ ಮಗುವನ್ನು ಬೀಗ ಹಾಕಿದ ಕೊಠಡಿಗೆ ಕಳಿಸಿದರೆ ಆ ಪರೀಕ್ಷೆಯಿಂದ ಏನು ಬಂತು?

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ: ಮಕ್ಕಳ ಹೊಟ್ಟೆಯ ಸ್ಕ್ಯಾನಿಂಗ್ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ರೇಡಿಯಾಲಜಿಸ್ಟ್ ಹುದ್ದೆಗಳನ್ನು ತುಂಬಿ. ತುಂಬುವವರೆಗೆ, ವೈದ್ಯರು ಬರೆದುಕೊಟ್ಟ ಮಗುವಿಗೆ ಸ್ಕ್ಯಾನಿಂಗ್ ಮಾಡಿಸುವ ಖರ್ಚು ಮತ್ತು ಹೊಣೆ ಆಸ್ಪತ್ರೆಯದೇ ಎಂದು, ಲಿಂಗಪತ್ತೆ ಕಾನೂನಿನ ನೆಪದಲ್ಲಿ ಯಾವ ಮಗುವನ್ನೂ ಹಿಂದಕ್ಕೆ ಕಳಿಸಬಾರದೆಂದು ಲಿಖಿತ ಆದೇಶ ಹೊರಡಿಸಿ. ಉತ್ತರವನ್ನು ನನಗೆ ಕಳಿಸಬೇಕಾಗಿಲ್ಲ, ಆದೇಶವನ್ನು ಆಸ್ಪತ್ರೆಗಳಿಗೆ ಕಳಿಸಿದರೆ ಸಾಕು.

ಇಂತಿ,
ಮಲೆನಾಡಿನ ಒಬ್ಬ ತಂದೆ