ಇಡ್ಲಿ ಬೇಯಿಸುವ ಪ್ಲಾಸ್ಟಿಕ್ ಹಾಳೆ ಹೋಯ್ತು, ಕಾಫಿಯ ಪೇಪರ್ ಕಪ್ ಯಾವಾಗ ಹೋಗುತ್ತೆ?

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,

ನಮಸ್ಕಾರ ಸರ್.

ಕಳೆದ ವಾರ ಬೆಳಿಗ್ಗೆ ಮನೆ ಹತ್ತಿರದ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ, ಒಂದು ಕಾಫಿ ತಗೊಂಡೆ. ಹೋಟೆಲಿನ ಹೆಸರು ಬೇಡ, ಹೀಗೆ ಮಾಡುವವರು ಅವರೊಬ್ಬರೇ ಅಲ್ಲ. ಸ್ಟೀಲ್ ತಟ್ಟೆ ಇತ್ತು. ಆದರೆ ಅದರ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ, ಹಾಳೆ ಮೇಲೆ ಇಡ್ಲಿ, ಚಟ್ನಿಗೊಂದು ಪುಟ್ಟ ಕಪ್, ಸಾಂಬಾರಿಗೆ ಇನ್ನೊಂದು, ಕಾಫಿಗೆ ಪೇಪರ್ ಕಪ್, ಕೊನೆಗೆ ಕುಡಿಯುವ ನೀರಿಗೂ ಪೇಪರ್ ಕಪ್. ಹತ್ತು ನಿಮಿಷ ನಿಂತು ತಿಂದೆ, ಅಷ್ಟೇ. ತಿಂದದ್ದು ಎರಡು ಇಡ್ಲಿ, ಡಬ್ಬಕ್ಕೆ ಹಾಕಿದ್ದು ಐದು ಸಾಮಾನು.

2025ರ ಫೆಬ್ರವರಿ ನಿಮಗೂ ನೆನಪಿರಬಹುದು. ಇಡ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ ಅಂತ ಆಹಾರ ಸುರಕ್ಷತೆಯವರು ಪತ್ತೆ ಮಾಡಿದರು, ಇನ್ನು ಮುಂದೆ ಹಾಗೆ ಮಾಡುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹೇಳಿದರು. ಒಳ್ಳೆಯದೇ ಆಯ್ತು. ಆದರೆ ಬಟ್ಟೆ ಮೇಲೆ ಬೆಂದ ಇಡ್ಲಿಯನ್ನು ಹಬೆಯಾಡುತ್ತಿರುವಾಗಲೇ ತಂದು ಪ್ಲಾಸ್ಟಿಕ್ ಹಾಳೆ ಮೇಲೆ ಇಟ್ಟರೆ ಏನು ಬಂತು ಭಾಗ್ಯ?

ನಿಷೇಧಕ್ಕೆ ನಮ್ಮಲ್ಲಿ ಬರ ಇಲ್ಲ ಸರ್. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ತಟ್ಟೆ, ಲೋಟ, ಚಮಚವನ್ನೂ ನಿಷೇಧಿಸಿತ್ತು. 2022ರ ಜುಲೈ 1ರಿಂದ ಇಡೀ ದೇಶದಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಬಂದ್ ಎಂದರು. ಆದದ್ದೇನು? ಪ್ಲಾಸ್ಟಿಕ್ ಲೋಟ ಹೋಗಿ ಪೇಪರ್ ಕಪ್ ಬಂತು. ಎಸೆಯುವುದು ಮಾತ್ರ ಹಾಗೇ ಉಳಿಯಿತು. ಪೇಪರ್ ಅಂತ ಹೆಸರೇ ಹೊರತು ಅದರ ಒಳಗೋಡೆಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತೆ, ಇಲ್ಲದಿದ್ದರೆ ಕಾಫಿ ಸೋರಿ ಅಂಗಿ ಮೇಲಿರುತ್ತಿತ್ತು. ಖರಗ್‌ಪುರದ ಐಐಟಿಯವರು 2020ರಲ್ಲಿ ಅಳೆದು ನೋಡಿದ್ದಾರೆ: ಇಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣಗಳು ಅದಕ್ಕೆ ಇಳಿಯುತ್ತವಂತೆ. ಪಕ್ಕದ ತಮಿಳುನಾಡು 2019ರ ಜನವರಿಯಿಂದಲೇ ಪ್ಲಾಸ್ಟಿಕ್ ಪದರದ ಪೇಪರ್ ಕಪ್ಪನ್ನೂ ನಿಷೇಧದ ಪಟ್ಟಿಗೆ ಸೇರಿಸಿದೆ.

ಆ ಪದರ ಇರುವುದರಿಂದಲೇ ಬಳಸಿದ ಕಪ್ಪನ್ನು ಗುಜರಿಯವರೂ ಕೇಳುವುದಿಲ್ಲ. ಹಸಿ ಕಸಕ್ಕೆ ಹಾಕಿದರೆ ಗೊಬ್ಬರ ಹಾಳು, ಒಣ ಕಸಕ್ಕೆ ಹಾಕಿದರೆ ಕಾಫಿ ಗಸಿ ಮೆತ್ತಿಕೊಂಡು ಉಳಿದದ್ದೂ ಹಾಳು. ಕೊನೆಗೆ ಯಾವುದೋ ಊರಿನ ಕಲ್ಲುಕ್ವಾರಿಯ ಗುಂಡಿಗೆ ಹೋಗಬೇಕು. ಬೆಂಗಳೂರಿನ ಕಸ ನಮ್ಮೂರಿಗೆ ಬೇಡ ಅಂತ, ಅದನ್ನು ತಂದು ಸುರಿಯುತ್ತಿದ್ದ ಮಂಡೂರಿನವರು 2014ರಲ್ಲಿ ರಸ್ತೆಗಿಳಿದದ್ದನ್ನು ಈ ಊರು ಇಷ್ಟು ಬೇಗ ಮರೆಯಬಾರದಿತ್ತು.

ಹಾಗಾಗಿ ಇನ್ನೊಂದು ನಿಷೇಧ ಕೇಳೋಕೆ ಈ ಪತ್ರ ಬರೆಯುತ್ತಿಲ್ಲ. ಯಾವ ವಸ್ತು ಬೇಡ ಅಂತ ಪಟ್ಟಿ ಮಾಡುವುದನ್ನು ಬಿಟ್ಟು, ಏನಿರಬೇಕು ಅಂತ ಒಂದೇ ಸಾಲಿನಲ್ಲಿ ಹೇಳಿ: ಹೋಟೆಲಿನಲ್ಲೇ ತಿನ್ನುವವರಿಗೆ, ಕೂತು ತಿನ್ನಲಿ ನಿಂತು ತಿನ್ನಲಿ, ತೊಳೆದು ಬಳಸುವ ತಟ್ಟೆ ಲೋಟದಲ್ಲೇ ಕೊಡಬೇಕು. ಬಾಳೆ ಎಲೆ, ಮುತ್ತುಗದ ಎಲೆ, ದೊನ್ನೆ ಬೇಕಾದರೆ ಇರಲಿ. ಇದನ್ನು ಟ್ರೇಡ್ ಲೈಸೆನ್ಸಿನ ಷರತ್ತಿಗೆ ಸೇರಿಸಿ. ಬೆಂಗಳೂರಿಗೆ ಈಗ ಐದು ಪಾಲಿಕೆ ಆಗಿವೆ, ಐದರಲ್ಲೂ ಒಂದೇ ನಿಯಮ ಇರಲಿ, ಇಲ್ಲದಿದ್ದರೆ ರಸ್ತೆಯ ಈ ಬದಿ ಸ್ಟೀಲ್ ಲೋಟ, ಆ ಬದಿ ಪೇಪರ್ ಕಪ್ ಅಂತ ಆದೀತು. ಫ್ರಾನ್ಸಿನಲ್ಲಿ 2023ರಿಂದ ಇದೇ ಕಾನೂನು ಇದೆ, 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೂರುವ ಹೋಟೆಲುಗಳಿಗೆ ಅನ್ವಯ. ಜರ್ಮನಿಯ ಟ್ಯೂಬಿಂಗನ್ ಅನ್ನೋ ಊರಂತೂ 2022ರಿಂದ ಒಂದೊಂದು ಎಸೆಯುವ ಕಪ್ಪಿಗೂ 50 ಸೆಂಟ್ ತೆರಿಗೆ ಹಾಕುತ್ತಿದೆ. ಮೆಕ್‌ಡೊನಾಲ್ಡ್ಸ್ ಮಳಿಗೆಯೊಂದನ್ನು ನಡೆಸುವವರು ಕೋರ್ಟಿಗೆ ಹೋದರು, 2025ರ ಜನವರಿಯಲ್ಲಿ ಆ ದೇಶದ ಸಾಂವಿಧಾನಿಕ ನ್ಯಾಯಾಲಯ ಊರಿನ ಪರವಾಗಿಯೇ ಹೇಳಿತು. ನಮಗೆ ತೆರಿಗೆಯವರೆಗೂ ಹೋಗೋ ಅಗತ್ಯ ಇಲ್ಲ. ಲೋಟ-ಬಟ್ಟಲಿನಲ್ಲಿ ಕಾಫಿ ಕುಡಿದು ಬೆಳೆದ ಊರು ಇದು, ಹೊಸದಾಗಿ ಕಲಿಯುವುದೇನೂ ಇಲ್ಲ ಅಲ್ವಾ?

ಹೋಟೆಲಿನವರು ಮೊದಲು ಎತ್ತುವ ಮಾತು ನೀರಿನದ್ದು. ಅದು ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ಸಿಗದೆ ಒದ್ದಾಡಿದಾಗ ಎಷ್ಟೋ ಕಡೆ ತೊಳೆಯುವ ತಟ್ಟೆಗಳು ಒಳಗೆ ಹೋದವು. ಆಗ ಅದು ಅನಿವಾರ್ಯ. ಆದರೆ ಮಳೆ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರಿನ 5ನೇ ಹಂತದ ಯೋಜನೆಯೂ ಬಂತು, ತಟ್ಟೆಗಳು ಮಾತ್ರ ಎಲ್ಲ ಕಡೆ ವಾಪಸ್ ಬರಲಿಲ್ಲ. ನಿಜವಾದ ಕಾರಣ ನೀರಲ್ಲ, ತೊಳೆಯುವವರು ಅಂತ ನನ್ನ ಗುಮಾನಿ. ಆ ಕೆಲಸಕ್ಕೆ ಜನ ಸಿಗುತ್ತಿಲ್ಲ, ಸಿಕ್ಕರೆ ಸಂಬಳ, ಊಟ, ಮಲಗೋಕೆ ಜಾಗ ಎಲ್ಲ ಕೊಡಬೇಕು, ಅದರ ಮುಂದೆ ಪೇಪರ್ ಕಪ್ ಅಗ್ಗ. ಅಗ್ಗ ಯಾಕೆಂದರೆ ಅದನ್ನು ಎತ್ತಿ ಸಾಗಿಸುವ ಖರ್ಚು ಹೋಟೆಲಿನದ್ದಲ್ಲ, ಊರಿನದ್ದು. ನೀರು ಉಳಿಸೋಕೆ ದಾರಿ ಇದೆ. ಅದೇ ಮಾರ್ಚ್‌ನಲ್ಲಿ ಜಲಮಂಡಳಿ ಹೋಟೆಲುಗಳ ನಲ್ಲಿಗೆ ನೀರಿಗೆ ಗಾಳಿ ಬೆರೆಸಿ ಬಳಕೆ ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತ್ತು.

ತಳ್ಳುಗಾಡಿಯವರ ವಿಷಯ ಬೇರೆ. ಅವರ ಹತ್ತಿರ ನಲ್ಲಿ ಇಲ್ಲ, ಇರುವುದೊಂದು ಬಕೆಟ್. ಅವರ ಮೇಲೆ ದಂಡದ ಪುಸ್ತಕ ಹಿಡಿದು ಹೋಗಬೇಡಿ, ದಯವಿಟ್ಟು. ಅದಮ್ಯ ಚೇತನ ಅನ್ನೋ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ. ಅದೇ ಥರ ಒಂದೊಂದು ತಿಂಡಿ ಬೀದಿಗೂ ಪಾಲಿಕೆಯಿಂದ ಒಂದು ತೊಳೆಯುವ ಜಾಗ, ಬಿಸಿನೀರು, ಸಂಬಳದ ಇಬ್ಬರು ಇದ್ದರೆ ಸಾಕು. ಮೊದಲು ಒಂದು ಬೀದಿಯಲ್ಲಿ ಮಾಡಿ ನೋಡಿ. ವಿವಿ ಪುರದ ತಿಂಡಿ ಬೀದಿಯಿಂದ ಶುರು ಮಾಡಿದರೂ ಆದೀತು.

ಇನ್ನು ಗಿರಾಕಿಗಳು, ಅಂದರೆ ನಾವು. ಕೊರೊನಾ ಬಂದ ಮೇಲೆ 'ಪೇಪರ್ ಕಪ್ಪಲ್ಲೇ ಕೊಡಿ' ಅಂತ ಕೇಳೋದು ಅಭ್ಯಾಸ ಆಗಿಬಿಟ್ಟಿದೆ, ನಾನೂ ಕೇಳಿದ್ದೇನೆ. ತೊಳೆದದ್ದು ಕೊಳಕು ಅನ್ನೋ ಭಯಕ್ಕೆ ಮದ್ದು ಬಿಸಿನೀರು ಮತ್ತು ನಿಮ್ಮವರ ತಪಾಸಣೆ. ಮಾತಿಗೆ ಬಂತು ಅಂತ ಹೇಳುತ್ತೇನೆ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರು, ಆಮೇಲೆ ಆ ಜಾಗಕ್ಕೆ ಎಸೆಯುವ ಲೋಟ ಬಂತು. ಎಸೆಯುವ ಲೋಟ ಅಂದಾಗಲೆಲ್ಲ ನನಗೆ ಅದೂ ನೆನಪಾಗುತ್ತೆ. ಎಲ್ಲರಿಗೂ ಅದೇ ಸ್ಟೀಲ್ ಲೋಟ, ಅದೇ ಬಿಸಿನೀರಿನ ತೊಟ್ಟಿ ಅನ್ನೋ ನಿಯಮ ನನಗೆ ಇಷ್ಟವಾಗೋಕೆ ಕಸ ಒಂದೇ ಕಾರಣ ಅಲ್ಲ.

ಪಾರ್ಸೆಲ್ ಬಗ್ಗೆ ಜಾಸ್ತಿ ಹೇಳಲ್ಲ. ಹೋಟೆಲಿನವರು ಕೇಳದೆ ಚಮಚ, ಟಿಶ್ಯೂ ತುಂಬಬಾರದು, ಮನೆಯಿಂದ ಡಬ್ಬಿ ತಂದವರಿಗೆ ಬೇಡ ಅನ್ನಬಾರದು. ಸದ್ಯಕ್ಕೆ ಅಷ್ಟು ಸಾಕು. ನಾನು ಡಬ್ಬಿ ಒಯ್ದಾಗ 'ನಮ್ಮಲ್ಲಿ ಅಳತೆ ಬರಲ್ಲ ಸಾರ್' ಅಂತ ವಾಪಸ್ ಕಳಿಸಿದವರಿದ್ದಾರೆ.

ದೊಡ್ಡ ಹೋಟೆಲುಗಳಿಗೆ ಆರು ತಿಂಗಳು, ಸಣ್ಣವರಿಗೆ ಒಂದು ವರ್ಷ ಗಡುವು ಕೊಡಿ. ಮುಂದಿನ ಸಲ ಲೈಸೆನ್ಸ್ ನವೀಕರಣ ಶುರುವಾದಾಗ ಅರ್ಜಿಯಲ್ಲಿ ಆ ಒಂದು ಸಾಲು ಇದೆಯಾ ಅಂತ ನಮ್ಮ ದರ್ಶಿನಿಯವರನ್ನೇ ಕೇಳುತ್ತೇನೆ.

ಇತಿ,
ದಿನಕ್ಕೆ ಮೂರು ಕಾಫಿ ಕುಡಿಯುವ ಒಬ್ಬ ಬೆಂಗಳೂರಿಗ