ನಮ್ಮ ಹಾಡು ಇಷ್ಟವಾಗದಿದ್ದರೂ ನಮ್ಮನ್ನು ಉಳಿಸಿದವರಿಗೆ

ಕಳೆದ ಶನಿವಾರ ಬೆಳಗಾವಿಯಲ್ಲಿ ನಮ್ಮ ಬ್ಯಾಂಡಿನ ಹತ್ತನೇ ವರ್ಷದ ಕಾರ್ಯಕ್ರಮ ಆಯಿತು. ಅದೇ ದಿನ ನಮ್ಮ ಮೊದಲ ಆಲ್ಬಮ್ ಕೂಡ ಹೊರಬಂತು. ಬಂದವರಿಗೆ, ಕುಣಿದವರಿಗೆ, ಆ ಮಳೆಯಲ್ಲೂ ಖಾನಾಪುರದಿಂದ ಬೈಕ್ ಮೇಲೆ ಬಂದ ಹುಡುಗರಿಗೆ ಮೊದಲು ಥ್ಯಾಂಕ್ಸ್. ನೀವು ನಮ್ಮ ಸಾಲುಗಳನ್ನು ನಮಗಿಂತ ಜೋರಾಗಿ ಹಾಡಿದ್ದು ಇನ್ನೂ ಕಿವಿಯಲ್ಲಿದೆ.

ಆದರೆ ಇದನ್ನು ಬರೆಯಲು ಕೂತಿದ್ದು ಬೇರೆ ಕೆಲವರಿಗಾಗಿ. ಅವರಲ್ಲಿ ಹೆಚ್ಚಿನವರು ಶನಿವಾರ ಬಂದಿರಲಿಲ್ಲ. ಬಂದವರೂ ಎರಡು ಹಾಡು ಕೇಳಿ ಹೊರಗೆ ಹೋಗಿ ನಿಂತರು. ಅವರಿಗೆ ನಮ್ಮ ಸಂಗೀತ ಇಷ್ಟವಿಲ್ಲ. ಅದನ್ನು ನಮ್ಮ ಮುಖಕ್ಕೇ ಹೇಳಿದ್ದಾರೆ. ಆದರೂ ಈ ಬ್ಯಾಂಡು ಹತ್ತು ವರ್ಷ ಉಳಿದಿದ್ದು ಅವರಿಂದಲೇ. ಇಷ್ಟಪಟ್ಟು ಸಹಾಯ ಮಾಡುವವರು ಸಿಗುತ್ತಾರೆ. ಇಷ್ಟವಿಲ್ಲದೆಯೂ ಜಾಗ ಕೊಟ್ಟವರು, ರಜೆ ಕೊಟ್ಟವರು, ಕಲಿಸಿದವರು ಎಷ್ಟು ದೊಡ್ಡವರು ಅಂತ ನನಗೆ ಈ ವಾರ ಮತ್ತೆ ಮತ್ತೆ ಅನ್ನಿಸುತ್ತಿದೆ.

ನಾವು ಬಾರಿಸುವುದು ಏನು ಅಂತ ಇನ್ನೂ ಕೇಳುವ ನನ್ನ ಸೋದರತ್ತೆಯರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ರಾಕ್, ಫಂಕ್, ಮೆಟಲ್ ಮೂರೂ ಸೇರಿದ್ದು. ಗಿಟಾರ್ ಮೆಟಲ್‌ನದು, ಭಾರವಾಗಿ ಗರಗರ ಅನ್ನುತ್ತದೆ. ನನ್ನ ಬೇಸ್, ಅಂದರೆ ದಪ್ಪ ತಂತಿಯ ಕೆಳಸ್ವರದ ಗಿಟಾರ್, ಫಂಕ್‌ನದು, ಕುಣಿಸುತ್ತದೆ. ಹಾಡು ಕಟ್ಟುವ ರೀತಿ ರಾಕ್‌ನದು. ಮಾತು ಕನ್ನಡದ್ದು, ನಡುವೆ ಮರಾಠಿ. ನಮ್ಮ ಮನೆಗಳಲ್ಲೇ ಎರಡೂ ಇವೆ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಮಗೆ ಈ ದಾರಿ ತೋರಿಸಿದ್ದು ಫೇಯ್ತ್ ನೋ ಮೋರ್ ಅನ್ನುವ ಬ್ಯಾಂಡು. ಸ್ಯಾನ್ ಫ್ರಾನ್ಸಿಸ್ಕೋದವರು. ಕಾಲೇಜಿನಲ್ಲಿದ್ದಾಗ ನಮ್ಮ ಡ್ರಮ್ಮರ್ ಒಂದು ಪೆನ್‌ಡ್ರೈವ್‌ನಲ್ಲಿ ಅವರ ಹಾಡುಗಳನ್ನು ತಂದುಕೊಟ್ಟ. ಬಿಲ್ಲಿ ಗೌಲ್ಡ್ ಅವರ ಬೇಸ್ ಕೇಳಿದ ಮೇಲೆ ನಾನು ಗಿಟಾರ್ ಕಲಿಯುವ ಆಸೆಯನ್ನೇ ಬಿಟ್ಟೆ. ಅವರ ಡ್ರಮ್ಮರ್ ಮೈಕ್ ಬೋರ್ಡಿನ್ ಆಫ್ರಿಕಾದ ತಾಳವಾದ್ಯ ಕಲಿತವರು. ಆಗ ಗಿಟಾರ್ ನುಡಿಸುತ್ತಿದ್ದ ಜಿಮ್ ಮಾರ್ಟಿನ್ ಅಪ್ಪಟ ಮೆಟಲ್ ಮನುಷ್ಯ. ಕೀಬೋರ್ಡಿನ ರಾಡಿ ಬಾಟಮ್ ನುಡಿಸುವುದು ಇವರೆಲ್ಲರಿಗಿಂತ ಬೇರೆ, ಮೆತ್ತಗಿನ, ದೊಡ್ಡ ಸ್ವರಗಳನ್ನು. ಒಬ್ಬರ ರುಚಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಹಾಡಿನೊಳಗೇ ಆ ಎಳೆದಾಟ ಕೇಳುತ್ತದೆ. ಅವರ ಹಾಡಿಗೆ ಜೀವ ಬರುವುದೇ ಅಲ್ಲಿಂದ ಅಂತ ನಾನು ನಂಬಿದ್ದೇನೆ.

1985ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಆಗ ಹಾಡುತ್ತಿದ್ದವರು ಚಕ್ ಮೋಸ್ಲಿ. 1988ರಲ್ಲಿ ಅವರನ್ನು ಬಿಟ್ಟು ಮೈಕ್ ಪ್ಯಾಟನ್ ಎಂಬ ಇಪ್ಪತ್ತರ ಹುಡುಗನನ್ನು ಕರೆತಂದರು. ಅಷ್ಟೊತ್ತಿಗೆ ಮುಂದಿನ ಆಲ್ಬಮ್‌ನ ಸಂಗೀತ ಹೆಚ್ಚುಕಡಿಮೆ ಸಿದ್ಧವಿತ್ತು. ಪ್ಯಾಟನ್ ಬಂದು ಕೆಲವೇ ವಾರಗಳಲ್ಲಿ ಅದಕ್ಕೆ ಮಾತು ಬರೆದರು. ಅದೇ 1989ರ ‘ದಿ ರಿಯಲ್ ಥಿಂಗ್’. ಮರುವರ್ಷ ಅದರ ಒಂದು ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಅದೇ ತರಹದ ಇನ್ನೊಂದು ಆಲ್ಬಮ್ ಮಾಡಿದ್ದರೆ ದುಡ್ಡು ಖಂಡಿತ ಬರುತ್ತಿತ್ತು. ಅವರು 1992ರಲ್ಲಿ ‘ಏಂಜೆಲ್ ಡಸ್ಟ್’ ಮಾಡಿದರು. ವಿಚಿತ್ರವಾದದ್ದು, ಕತ್ತಲೆಯದ್ದು, ಒಂದು ಹಾಡಿಗೂ ಮುಂದಿನದಕ್ಕೂ ಸಂಬಂಧವಿಲ್ಲದ್ದು. ಅಮೆರಿಕದಲ್ಲಿ ಹಿಂದಿನದರಷ್ಟು ಮಾರಾಟವಾಗಲಿಲ್ಲ. ನನಗೆ ಮಾತ್ರ ಅದೇ ಅವರ ಅತ್ಯುತ್ತಮ ಕೆಲಸ. ನಮ್ಮ ಗಿಟಾರಿಸ್ಟ್ ಒಪ್ಪುವುದಿಲ್ಲ. ಹತ್ತು ವರ್ಷದಿಂದ ಈ ಜಗಳ ನಡೆದೇ ಇದೆ.

ಈಗ ನಮ್ಮ ಊರಿಗೆ ಬರುತ್ತೇನೆ.

ವಡಗಾವಿಯ ಮಗ್ಗದ ಕಾಕಾ, ಮೊದಲ ನಮಸ್ಕಾರ ನಿಮಗೆ. ಡ್ರಮ್ಸ್ ಇರುವ ಬ್ಯಾಂಡಿಗೆ ಊರಲ್ಲಿ ಯಾರು ಜಾಗ ಕೊಡುತ್ತಾರೆ? ಟಿಳಕವಾಡಿಯಲ್ಲಿ ಒಂದು ಕೋಣೆ ಸಿಕ್ಕಿತ್ತು, ವಾರದೊಳಗೆ ಖಾಲಿ ಮಾಡಿಸಿದರು. ಶಹಾಪುರದಲ್ಲೂ ಹಾಗೇ ಆಯಿತು. ಕೊನೆಗೆ ಕಾಕಾ ತಮ್ಮ ಪವರ್‌ಲೂಮ್ ಶೆಡ್ಡಿನ ಹಿಂದಿನ ನೂಲಿನ ಕೋಣೆ ತೋರಿಸಿದರು. “ಇಲ್ಲಿ ಬಾರಿಸ್ರಿ. ನನ್ನ ಮಗ್ಗದ ಸಪ್ಪಳದಾಗ ನಿಮ್ಮ ಸಪ್ಪಳ ಯಾರಿಗೂ ಕೇಳೂದಿಲ್ಲ” ಅಂದರು.

ಅವರ ಮಾತು ನಿಜವಾಯಿತು. ಗೋಡೆಯ ಆ ಕಡೆ ಲಾಳಿ ಅತ್ತಿಂದಿತ್ತ ಬಡಿಯುತ್ತಿತ್ತು. ಈ ಕಡೆ ನಾವು. ಒಂದೊಂದು ಮಗ್ಗಕ್ಕೂ ಒಂದೊಂದು ವೇಗ. ಎಲ್ಲ ಸೇರಿ ಓಡುವಾಗ ಹೊಡೆತಗಳು ಒಂದರಿಂದ ಒಂದು ಜಾರುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಒಂದೇ ಕಡೆ ಬಂದು ಬೀಳುತ್ತವೆ. ಇದನ್ನು ದಿನಾ ಕೇಳಿದ ನಮ್ಮ ಡ್ರಮ್ಮರ್ ಕೈ ಬದಲಾಯಿತು. ಆಲ್ಬಮ್‌ನ ಮೂರನೇ ಹಾಡಿನಲ್ಲಿ ಡ್ರಮ್ಸ್ ಒಂದು ಲೆಕ್ಕದಲ್ಲಿ, ಬೇಸ್ ಇನ್ನೊಂದು ಲೆಕ್ಕದಲ್ಲಿ ನಡೆಯುವುದು ಆ ಶೆಡ್ಡಿನಿಂದಲೇ ಬಂದದ್ದು. ಯಾವ ಸಂಗೀತ ಶಾಲೆಯೂ ನಮಗೆ ಅದನ್ನು ಕಲಿಸುತ್ತಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತವು. ನೇಯ್ದ ಸೀರೆ ಮನೆಯಲ್ಲೇ ಉಳಿಯಿತು. ನೇಕಾರರ ಮನೆಗಳಲ್ಲಿ ಏನೇನು ನಡೆಯಿತು ಅಂತ ವಡಗಾವಿ, ಖಾಸಬಾಗದವರಿಗೆ ಗೊತ್ತು. ಕಾಕಾ ಕೆಲವು ಮಗ್ಗಗಳನ್ನು ಮಾರಿದರು. ಅಷ್ಟು ಕಷ್ಟದಲ್ಲೂ ನಮ್ಮಿಂದ ಬಾಡಿಗೆ ಕೇಳಲಿಲ್ಲ. ಕೊಡಲು ಹೋದರೆ, “ನಿನ್ನ ಹಂತ್ಯಾಕ ಎಲ್ಲಿಂದ ಬರಬೇಕು ಮಗಳ, ಇಟ್ಕೋ” ಅಂದರು. ಆ ಮಾತು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ. ಮಗ್ಗ ಮತ್ತೆ ಶುರುವಾದ ಮೇಲೂ ಮೊದಲಿನಷ್ಟು ಸಪ್ಪಳ ಇರಲಿಲ್ಲ. ಈಗ ನಮ್ಮ ಹಾಡು ಓಣಿಗೆಲ್ಲ ಕೇಳತೊಡಗಿತು. ಓಣಿಯವರು ಸಿಟ್ಟು ಮಾಡಬಹುದಿತ್ತು. ಅವರು ಕೇಳಿದ್ದು ಇಷ್ಟೇ: ಮಕ್ಕಳ ಪರೀಕ್ಷೆಯ ದಿನಗಳಲ್ಲಿ ಬೇಡ, ಯಾರ ಮನೆಯಲ್ಲಾದರೂ ಸಾವಾದರೆ ಬೇಡ. ಓಣಿಯ ಎಲ್ಲ ಅಕ್ಕಂದಿರಿಗೆ, ಅಜ್ಜಿಯರಿಗೆ ಕೈ ಮುಗಿಯುತ್ತೇನೆ.

ತಬಲಾ ಸರ್, ನಿಮ್ಮ ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಡಿಸ್ಟಾರ್ಷನ್, ಅಂದರೆ ಗಿಟಾರಿನ ಆ ಗರಗರ, ಶುರುವಾದ ಕೂಡಲೇ ಎದ್ದು ಹೋಗುತ್ತಿದ್ದ ನೀವು, ನಮಗೆ ಲೆಕ್ಕ ಹಿಡಿಯಲು ಕಲಿಸಿದಿರಿ. ಫಂಕ್‌ನಲ್ಲಿ ಮೊದಲ ಹೊಡೆತವೇ ಎಲ್ಲ. ಜೇಮ್ಸ್ ಬ್ರೌನ್ ತಮ್ಮ ವಾದ್ಯದವರಿಂದ ಕೇಳಿದ್ದು ಅದನ್ನೇ: ಮೊದಲ ಹೊಡೆತಕ್ಕೆ ಎಲ್ಲರೂ ಬಂದು ಬೀಳಬೇಕು, ನಡುವೆ ಏನಾದರೂ ಮಾಡಿ. ನೀವೂ ಅದನ್ನೇ ಹೇಳಿದಿರಿ, “ನಡುವ ಎಲ್ಲೆರ ಅಡ್ಡಾಡ್ರಿ, ಸಮಕ್ಕ ಮನಿಗೆ ಬರ್‍ರಿ.” ನಾನು ಹೆಬ್ಬೆರಳಿನಿಂದ ತಂತಿ ಬಡಿಯುವುದನ್ನು ನೋಡಿ ಇದ್ಯಾರು ಶುರು ಮಾಡಿದ್ದು ಅಂತ ಕೇಳಿದ್ದಿರಿ. ಲ್ಯಾರಿ ಗ್ರಹಾಂ ಎಂಬವರು ತಾಯಿಯ ಜೊತೆ ನುಡಿಸುವಾಗ ಡ್ರಮ್ಮರ್ ಇಲ್ಲದ್ದಕ್ಕೆ, ಆ ಜಾಗ ತುಂಬಲು ಹಾಗೆ ಬಡಿದರು ಅಂದಾಗ ನಿಮಗೆ ತುಂಬ ಖುಷಿಯಾಯಿತು. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳ್ವದ ಹಳ್ಳಿ ಹಾಡುಗಳಿಂದ ಹೊಸ ರಾಗ ಕಟ್ಟಿದ ಕಥೆಯನ್ನು ಆವತ್ತು ನೀವು ಹೇಳಿದಿರಿ. ಮಾಳ್ವದ ಹೆಂಗಸರು ಬೀಸುವಾಗ, ನಡೆಯುವಾಗ ಹಾಡುವುದನ್ನು ಅವರು ಹೇಗೆ ಕಿವಿಗೊಟ್ಟು ಕೇಳಿರಬೇಕು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಹಾಗೆ ಕಿವಿಗೊಟ್ಟು ಕೇಳಲು ನಾವು ಹೋಗಿದ್ದು ಗೋಕಾಕ ಕಡೆಯ ಹಲಗಿ ಮೇಳಕ್ಕೆ. ಜಾತ್ರೆಗಳಲ್ಲಿ ಬಾರಿಸುವ ಅಣ್ಣಂದಿರು. ನಮ್ಮ ಜೊತೆ ರೆಕಾರ್ಡಿಂಗ್‌ಗೆ ಬಂದ ದಿನ ಬೆಳಗಾವಿಯ ಆಷಾಢದ ಮಳೆ. ತೇವಕ್ಕೆ ಚರ್ಮ ಸಡಿಲಾಗಿ ಹಲಗಿ ಡಬ್ ಡಬ್ ಅನ್ನುತ್ತಿತ್ತು. ಅವರು ಶೆಡ್ಡಿನ ತಗಡಿನ ಕೆಳಗೆ ಹುಲ್ಲು, ರದ್ದಿ ಕಾಗದ ಹಚ್ಚಿ ಹಲಗಿ ಕಾಯಿಸಿದರು. ಒಂದು ಟೇಕ್ ಬಾರಿಸುವುದು, ಹೊರಗೆ ಓಡುವುದು, ಕಾಯಿಸುವುದು, ಮತ್ತೆ ಬರುವುದು. ಸಂಜೆವರೆಗೆ ಒಂದು ಸಲವೂ ಬೇಸರ ಪಡಲಿಲ್ಲ. ಕಾಯಿಸಿದ ಹಲಗಿಯ ಮೊದಲ ಹೊಡೆತ ಮೆಟಲ್ ಗಿಟಾರಿನ ಮೇಲೆ ಬಿದ್ದಾಗ ಕೋಣೆಯಲ್ಲಿದ್ದ ಎಲ್ಲರ ಮೈ ಜುಮ್ ಅಂದಿತು. ಅಣ್ಣಾ, ಆಲ್ಬಮ್ ಮೇಲೆ ನಿಮ್ಮ ಹೆಸರು ನಮ್ಮ ಹೆಸರಿನ ಸಾಲಿನಲ್ಲೇ ಇದೆ. ಬರುವ ದುಡ್ಡಿನಲ್ಲೂ ನಿಮ್ಮ ಪಾಲು ನಮ್ಮಷ್ಟೇ.

ಉದ್ಯಮಬಾಗದ ಫೋರ್‌ಮನ್ ಮಾಮಾಗೆ ಒಂದು ಮಾತು. ನಮ್ಮ ಗಿಟಾರಿಸ್ಟ್ ನಿಮ್ಮ ಕೈ ಕೆಳಗೆ ಕೆಲಸ ಮಾಡುತ್ತಾನೆ. ಕಾರ್ಯಕ್ರಮ ಹತ್ತಿರ ಬಂದಾಗ ಶಿಫ್ಟ್ ಬದಲಿಸಿ ಕೊಟ್ಟಿರಿ, ಅವನನ್ನು ಪ್ರೆಸ್ ಯಂತ್ರದ ಹತ್ತಿರ ಬಿಡಲಿಲ್ಲ, “ಬಟ್ಟು ಜ್ವಾಕಿ ಪಾ” ಅಂತ ದಿನಾ ಹೇಳಿದಿರಿ. ಮೆಟಲ್ ಸಂಗೀತದ ಮೂಲಪುರುಷ ಟೋನಿ ಅಯೋಮಿ ಕೂಡ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯ ಹುಡುಗ. ಹದಿನೇಳರ ವಯಸ್ಸಿನಲ್ಲಿ ಅಲ್ಲಿನ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಹೋದವು. ಅವರು ಎಡಗೈಯವರು, ತಂತಿ ಒತ್ತುವುದು ಆ ಬಲಗೈಯಿಂದಲೇ. ಇನ್ನು ಗಿಟಾರ್ ಮುಗಿಯಿತು ಅಂತ ಕೂತಿದ್ದ ಅವರಿಗೆ ಕಾರ್ಖಾನೆಯ ಫೋರ್‌ಮನ್ ಜಾಂಗೊ ರೈನ್‌ಹಾರ್ಟ್ ಅವರ ರೆಕಾರ್ಡ್ ತಂದು ಕೇಳಿಸಿದರು, ಎರಡೇ ಬೆರಳಲ್ಲಿ ನುಡಿಸಿದ ಗಿಟಾರ್. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದರು. ಮಾಮಾ, ನೀವು ಅಂಥ ಫೋರ್‌ಮನ್.

ಕಷ್ಟದ ಕಾಲದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮ ಮೊದಲ ಹಾಡುಗಾರನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಮನೆಯ ಜವಾಬ್ದಾರಿ ಇತ್ತು, ಹೋದ. ಬಹಳ ದಿನ ನಾವು ಬರೀ ಸಂಗೀತ ಕಟ್ಟಿದೆವು, ಹಾಡಲು ಯಾರೂ ಇಲ್ಲ. ಆಮೇಲೆ ರಾಮತೀರ್ಥನಗರದ ಒಬ್ಬಳು ಹುಡುಗಿ ಬಂದಳು. ಭಜನೆ ಹಾಡಿ ಬೆಳೆದವಳು, ಮೆಟಲ್ ಕೇಳಿಯೇ ಇರಲಿಲ್ಲ. ಸಿದ್ಧವಿದ್ದ ಸಂಗೀತವನ್ನು ಫೋನಿನಲ್ಲಿ ಹಾಕಿಕೊಂಡು ಹೋದಳು. ತಿಂಗಳೊಳಗೆ ಎಲ್ಲಕ್ಕೂ ಮಾತು ತಂದಳು. ಆ ಮಾತುಗಳಲ್ಲಿ ನಮ್ಮ ಶೆಡ್ಡು, ಮಳೆ, ಮಾರಿದ ಮಗ್ಗ ಎಲ್ಲ ಇದ್ದವು. ತಂಗೀ, ನೀನು ಬರದಿದ್ದರೆ ಈ ಆಲ್ಬಮ್ ಇಲ್ಲ.

ಇನ್ನು ಪುಣೆಗೆ ಹೋದ ಗೆಳೆಯನಿಗೆ. ಫೇಯ್ತ್ ನೋ ಮೋರ್ 1998ರಲ್ಲಿ ಮುಗಿದು, 2009ರಲ್ಲಿ ಮತ್ತೆ ಸೇರಿ, 2015ರಲ್ಲಿ ಹೊಸ ಆಲ್ಬಮ್ ತಂದದ್ದು ಎಲ್ಲರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ನಿಂತದ್ದು ಅದರ ಮರುವರ್ಷದ ಸಂಗತಿ. ಮೊದಲ ಆಲ್ಬಮ್ ಮತ್ತೆ ಬಿಡುಗಡೆಯಾದಾಗ, 1988ರಲ್ಲಿ ಬ್ಯಾಂಡಿನಿಂದ ಹೊರಬಿದ್ದ ಚಕ್ ಮೋಸ್ಲಿ ಹಳೆಯವರ ಜೊತೆ ವೇದಿಕೆಗೆ ಬಂದು ಹಳೆಯ ಹಾಡು ಹಾಡಿದರು. 2017ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಸಂಜೆ ನಡೆಯದೇ ಹೋಗಿದ್ದರೆ ಅಂತ ಯೋಚಿಸಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಅದಕ್ಕೇ ಹತ್ತನೇ ವರ್ಷದ ಕಾರ್ಯಕ್ರಮ ಅಂತ ಮಾತು ಬಂದ ಕೂಡಲೇ ನಾವು ಮೊದಲು ಫೋನ್ ಮಾಡಿದ್ದು ಅವನಿಗೆ. “ನಿಮಗ ಹೊಸಾ ಧ್ವನಿ ಸಿಕ್ಕೇತಿ, ನಾ ಯಾಕ?” ಅಂದ. ತಂಗಿಯೇ ಫೋನ್ ತಗೊಂಡು, “ಅಣ್ಣಾ, ಮೊದಲಿನ ನಾಕು ಹಾಡು ನಿಮ್ಮವು. ನಾ ಹಾಡಂಗಿಲ್ಲ, ನೀವ ಬರಬೇಕು” ಅಂದಳು. ಶುಕ್ರವಾರ ರಾತ್ರಿ ಬಸ್ ಹಿಡಿದು ಬಂದ. ಶನಿವಾರ ಅವನೂ ಅವಳೂ ಒಂದೇ ಮೈಕ್ ಹಿಡಿದು ನಿಂತಾಗ ಸಭೆಯಲ್ಲಿ ಎದ್ದ ಕೂಗು ನಮ್ಮ ಹತ್ತು ವರ್ಷದಲ್ಲಿ ನಾವು ಕೇಳಿದ ದೊಡ್ಡ ಸದ್ದು. ಗೆಳೆಯಾ, ಬಂದದ್ದಕ್ಕೆ ಥ್ಯಾಂಕ್ಸ್. ನಿನಗೆ ರಜೆ ಕೊಟ್ಟ ಆಫೀಸಿನವರಿಗೂ, ಮಗುವನ್ನು ಎತ್ತಿಕೊಂಡು ಮೂರು ತಾಸು ನಿಂತ ನಿನ್ನ ಹೆಂಡತಿಗೂ.

ಸೌಂಡ್ ಮಾಡಿದ ಭಾವುಗಳಿಗೆ, ಕರೆಂಟ್ ಹೋದಾಗ ಜನರೇಟರ್ ತಂದವರಿಗೆ, ಪ್ರಾಕ್ಟೀಸಿನ ರಾತ್ರಿಗಳಲ್ಲಿ ಅಂಗಡಿ ಮುಚ್ಚುವ ಮೊದಲು ನಮಗಂತ ಚಹಾ ಎತ್ತಿಟ್ಟ ಅಣ್ಣನಿಗೆ, ಕಾರ್ಯಕ್ರಮದ ಬೆಳಿಗ್ಗೆ ಡಬ್ಬಿ ತುಂಬ ಕುಂದಾ ಕಳಿಸಿದ ಕ್ಯಾಂಪಿನ ಗೆಳೆಯನ ಮನೆಯವರಿಗೆ ಥ್ಯಾಂಕ್ಸ್.

ಅವ್ವಾ, ನನ್ನ ಮೊದಲ ಬೇಸ್ ನಿನ್ನ ಭಿಶಿ (ಚೀಟಿ) ದುಡ್ಡಿನದು. “ಇಷ್ಟ ದಪ್ಪ ತಂತಿ, ಇಷ್ಟ ಸಣ್ಣ ಧ್ವನಿ” ಅಂತ ಆವತ್ತೇ ಅಂದಿದ್ದೆ. ಶನಿವಾರ ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೊನೆಯ ಹಾಡಿನವರೆಗೂ ಕೂತಿದ್ದೆ. ವೈನಿ ಫೋಟೊ ತೆಗೆದಿದ್ದಾಳೆ. ಅದನ್ನು ನಾವು ಪ್ರಾಕ್ಟೀಸ್ ಕೋಣೆಯಲ್ಲಿ ಹಾಕುತ್ತೇವೆ.

ಕಾಕಾ, ಬರುವ ಭಾನುವಾರ ನಾವೆಲ್ಲ ನಿಮ್ಮ ಮನೆಗೆ ಊಟಕ್ಕೆ ಬರುತ್ತೇವೆ. ಬಾಕಿ ಉಳಿದ ಬಾಡಿಗೆಯನ್ನೂ ತರುತ್ತೇವೆ. ಈ ಸಲ ಬೇಡ ಅನ್ನಬೇಡಿ, ಟಿಕೆಟ್ ದುಡ್ಡಿನಲ್ಲಿ ಮೊದಲು ತೆಗೆದಿಟ್ಟದ್ದೇ ಅದು.